ಸುಭದ್ರೆಯ ಬಾಗಿಲಿಗೆ ಬಂದ ಕತ್ತೆಗಳು

ನಮ್ಮೂರಿನಲ್ಲಿ ಸುಳ್ಳು ನಂಬಿಕೆಗೆ ನಾಲ್ಕು ಕಾಲು, ಎರಡು ಉದ್ದ ಕಿವಿ. ಯಾರದೋ ಬಗ್ಗೆ ಊರು ಏನೋ ಒಂದನ್ನು ತಪ್ಪಾಗಿ ನಂಬಿಕೊಂಡಿತು ಅನ್ನಿ, ಬೆಳಗಾಗುವಷ್ಟರಲ್ಲಿ ಅವರ ಬಾಗಿಲಲ್ಲಿ ಒಂದು ಕತ್ತೆ ಬಂದು ನಿಂತಿರುತ್ತದೆ. ಎಲ್ಲಿಂದ ಬಂತು, ಯಾರು ಅಟ್ಟಿದರು ಅಂತ ಯಾರಿಗೂ ಗೊತ್ತಿಲ್ಲ, ಕೇಳುವ ಪುರುಸೊತ್ತೂ ಯಾರಿಗಿಲ್ಲ. ಬಂದ ಕತ್ತೆಗೆ ಹುಲ್ಲು ಹಾಕಬೇಕಾದವರು ನಂಬಿದವರಲ್ಲ, ಯಾರ ಬಗ್ಗೆ ನಂಬಿದರೋ ಅವರು. ಹಾಕದಿದ್ದರೆ ಅದು ಓಣಿ ಕಿತ್ತುಹೋಗುವ ಹಾಗೆ ಅರಚುತ್ತದೆ, ಅಕ್ಕಪಕ್ಕದವರು ಬಂದು ಮತ್ತೆ ಇವರನ್ನೇ ಬೈಯುತ್ತಾರೆ. ನಂಬಿದವರ ಮನಸ್ಸಿನಿಂದ ಆ ಮಾತು ಬಿದ್ದುಹೋದ ದಿನ ಕತ್ತೆ ತಾನೇ ಎದ್ದು ಹೊರಟುಬಿಡುತ್ತದೆ. ಬರೀ ಬಾಯಲ್ಲಿ ತಪ್ಪಾಯ್ತು ಅಂದರೆ ಹೋಗುವುದಿಲ್ಲ. ಬಾಯಿಮಾತಿಗೆ ಮರುಳಾಗುವುದಕ್ಕೆ ಅದೇನು ಮನುಷ್ಯನೇ, ಕತ್ತೆ.

ನಿಜವಾದ ಮಾತಿಗೆ ಕತ್ತೆ ಬರುವುದಿಲ್ಲ, ಇದು ನಮ್ಮೂರಿನ ಹಸುಗೂಸಿಗೂ ಗೊತ್ತು. ಜವರಪ್ಪ ಕುಡುಕ ಅಂತ ಇಡೀ ಊರು ಆಡಿಕೊಂಡರೂ ಅವನ ಬಾಗಿಲಲ್ಲಿ ಒಂದು ಉಂಡೆ ಲದ್ದಿ ಬಿದ್ದದ್ದಿಲ್ಲ. ಹಾಗಿದ್ದ ಮೇಲೆ ಕತ್ತೆ ನಿಂತ ಮನೆ ನೋಡಿದ ಕೂಡಲೇ, ಛೇ, ಪಾಪ, ನಾವು ತಪ್ಪು ತಿಳಿದೆವು ಅಂದುಕೊಳ್ಳಬೇಕೋ ಬೇಡವೋ? ನಮ್ಮವರು ಅಂದುಕೊಳ್ಳುವುದಿಲ್ಲ. ಏನೂ ಇಲ್ಲದೆ ಸುಮ್ಮಸುಮ್ಮನೆ ಕತ್ತೆ ಬರುತ್ತದೆಯೇ ಅನ್ನುತ್ತಾರೆ. ನನ್ನದು ಹಿಟ್ಟಿನ ಗಿರಣಿ. ಬೀಸಲು ತಂದ ರಾಗಿಯಲ್ಲಿ ನಾನು ಹಿಡಿ ಹಿಡಿ ಕದಿಯುತ್ತೇನೆ ಅಂತ ಊರಿಗೆ ನಂಬಿಕೆ, ಅದರ ಕತ್ತೆ ನನ್ನ ಗಿರಣಿಯ ಬಾಗಿಲಲ್ಲೇ ಮುದಿಯಾಗುತ್ತಿದೆ. ಜನ ಅದರ ಬೆನ್ನು ಸವರಿ ಒಳಗೆ ಬಂದು, ತಕ್ಕಡಿ ಸರಿಯಾಗಿ ಹಿಡಿ ಕಾಳಮ್ಮ ಅನ್ನುತ್ತಾರೆ. ಥೂ, ಇವರ ಬುದ್ಧಿಗಿಷ್ಟು.

ಆದರೆ ಕತ್ತೆ ಸಾಕುವುದರಲ್ಲಿ ನನ್ನ ಎದುರುಮನೆ ಸುಭದ್ರೆಯನ್ನು ಮೀರಿಸಿದವರಿಲ್ಲ. ಮೊದಲನೆಯದು ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಬಂತು. ಪುಸ್ತಕ ಕೊಟ್ಟರೆ ಈ ಹುಡುಗಿ ಅಕ್ಷರದ ಮುಂದೆ ಗುಡ್ಡದ ಬುಡದಲ್ಲಿ ನಿಂತವರ ಹಾಗೆ ನಿಂತುಬಿಡುತ್ತಿದ್ದಳು. ನೆನ್ನೆ ಓದಿದ ಪದ ಇವತ್ತು ಹೊಸದು. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾಳೆ, ಹಾಳೆ ಕಂಡರೆ ಬೆವರುತ್ತಾಳೆ. ಆಗ ಹೊಸದಾಗಿ ಬಂದಿದ್ದ ಶಾಂತವೀರಪ್ಪ ಮೇಷ್ಟ್ರು, ಇವಳು ಶುದ್ಧ ಮೈಗಳ್ಳಿ ಅಂದರು, ಊರು ಹೌದು ಅಂದಿತು, ಬೆಳಿಗ್ಗೆ ಕತ್ತೆ ಬಂತು. ಅವಳಪ್ಪ ಕತ್ತೆಗೂ ಮಗಳಿಗೂ ಒಂದೇ ಕೋಲಿನಲ್ಲಿ ಬಾರಿಸಿದ. ಆಮೇಲೆ ಕಣ್ಣು ಸರಿಯಿಲ್ಲ ಅಂದವರದೊಂದು ಬಂತು. ತಾತನ ಕನ್ನಡಕ ಹಾಕಿಸಿದ್ದಕ್ಕೆ ಹುಡುಗಿ ಹೊಸಿಲು ಎಡವಿ ಹಲ್ಲು ಮುರಿದುಕೊಂಡಳೇ ಹೊರತು ಒಂದಕ್ಷರ ಹೆಚ್ಚು ಓದಲಿಲ್ಲ. ಬಸುರಿಯಾಗಿದ್ದಾಗ ಇವಳಮ್ಮ ಗ್ರಹಣ ನೋಡಿದ್ದಳು ಅಂದವರದು ಮೂರನೆಯದು. ತಲೆಯೊಳಗೆ ಏನೂ ಇಲ್ಲ ಅಂದವರದು ನಾಲ್ಕನೆಯದು, ಅದು ಒದೆಯುತ್ತಿತ್ತು.

ಮದುವೆಯಾಗದೆ ಉಳಿಯುತ್ತಾಳೆ ಅಂದರು. ರೇವಣ್ಣ ಬಂದು ಕಟ್ಟಿಕೊಂಡ. ಅವನದು ಇಟ್ಟಿಗೆ ಗೂಡು, ಇಟ್ಟಿಗೆ ಹೊರುವುದಕ್ಕೆ ಕತ್ತೆ ಬೇಕು. ಕತ್ತೆಗಾಗಿ ಮದುವೆಯಾದ ಅಂತ ಊರು ಮಾತಾಡಿಕೊಂಡಿತು, ಅದಕ್ಕೊಂದು ಕತ್ತೆ ಬಂತು. ರೇವಣ್ಣ ಅದರ ಬೆನ್ನಿಗೂ ಇಟ್ಟಿಗೆ ಹೇರಿದ. ಸುಭದ್ರೆ ಹೊಲಿಗೆ ಕಲಿತು ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟಳು. ಅಕ್ಷರ ತಿರುವುಮುರುವು ಕಾಣುವವಳಿಗೆ ಬಟ್ಟೆಯೂ ಹಾಗೇ ಕಾಣುತ್ತದೆ, ರವಿಕೆ ಕೊಟ್ಟರೆ ಬೆನ್ನು ಮುಂದಕ್ಕೆ ಇಟ್ಟು ಹೊಲಿದಾಳು ಅಂತ ಹೆಂಗಸರು ಶುರು ಮಾಡಿದರು, ಅದಕ್ಕೂ ಒಂದು ಬಂತು. ಅವಳಿಗೆ ಯಾವುದೂ ತಿರುವುಮುರುವು ಕಾಣುತ್ತಿರಲಿಲ್ಲ. ಅಕ್ಷರ ಎಲ್ಲರಿಗೆ ಕಂಡ ಹಾಗೇ ಕಾಣುತ್ತಿತ್ತು, ಅದರ ಸದ್ದು ಮಾತ್ರ ಕರೆದಾಗ ಬರುತ್ತಿರಲಿಲ್ಲ. ಅವಳು ಹೊಲಿದ ರವಿಕೆ ಕಂಕುಳಲ್ಲಿ ಬಿಗಿ ಹಿಡಿಯುತ್ತಿತ್ತು ನಿಜ, ಆದರೆ ಲೋಕದಲ್ಲಿ ಯಾವ ದರ್ಜಿಯ ರವಿಕೆ ಹಿಡಿಯುವುದಿಲ್ಲ ಹೇಳಿ.

ಹೊಳೆಯಾಚೆ ಊರಿನ ಡಾಕ್ಟರಮ್ಮ ಒಬ್ಬರು ಅವಳನ್ನು ಕೂರಿಸಿಕೊಂಡು ಮಾತಾಡಿಸಿ, ಓದಿಸಿ, ಇದಕ್ಕೆ ಡಿಸ್ಲೆಕ್ಸಿಯಾ ಅಂತಾರಮ್ಮ, ರೋಗ ಅಲ್ಲ, ಸೋಮಾರಿತನ ಅಲ್ಲ, ಬುದ್ಧಿ ಕಮ್ಮಿಯೂ ಅಲ್ಲ, ಓದುವ ದಾರಿ ನಿನಗೆ ಬೇರೆ, ಹೊತ್ತು ಹಿಡಿಯುತ್ತದೆ, ಪೂರ್ತಿ ಹೋಗುವಂಥದಲ್ಲ, ಆದರೆ ಓದಲು ಬರುತ್ತದೆ ಅಂದರಂತೆ. ಅವರೇ ಶನಿವಾರ ಶನಿವಾರ ಹೇಳಿಕೊಟ್ಟರು. ಒಂದೊಂದು ಸದ್ದು ಬಿಡಿಸಿ ಬಾಯಲ್ಲಿ ಹೇಳುವುದು, ಮೊರದಲ್ಲಿ ಹಿಟ್ಟು ಹರಡಿ ಬೆರಳಲ್ಲಿ ತಿದ್ದುವುದು. ಹಿಟ್ಟು ನನ್ನ ಗಿರಣಿಯದು, ಕಾಸು ಕೇಳಿದರೆ ನಕ್ಕುಬಿಡುತ್ತಿದ್ದಳು. ಮದುವೆಯಾಗಿ ಒಂದು ಹೆಣ್ಣು ಹೆತ್ತ ಮೇಲೆ ಸುಭದ್ರೆ ಓದಲು ಕಲಿತಳು. ನಿಧಾನ, ಬೆರಳಿಟ್ಟುಕೊಂಡು, ತುಟಿ ಆಡಿಸುತ್ತ. ಅವಳು ಒಂದು ಪುಟದ ಮುಂದೆ ಇಡೀ ಮಧ್ಯಾಹ್ನ ಕೂತು ಗುದ್ದಾಡುವುದನ್ನು ಕಂಡ ದಿನ ಶಾಂತವೀರಪ್ಪ ಮೇಷ್ಟ್ರು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತು ಕಣ್ಣೊರೆಸಿಕೊಂಡರು. ಮೈಗಳ್ಳಿ ಕತ್ತೆ ಎದ್ದು, ಮೈ ಕೊಡವಿ, ಹೋಯಿತು. ಒಂದೊಂದಾಗಿ ಉಳಿದವೂ ಹೋದವು. ಇಟ್ಟಿಗೆ ಗೂಡಿಗೆ ತೊಂದರೆಯಾಯ್ತು ಅಂತ ರೇವಣ್ಣ ಗೊಣಗಿದ.

ಮೇಷ್ಟ್ರು ಅಲ್ಲಿಗೆ ಬಿಟ್ಟರೇ? ಇಲ್ಲ. ತಪ್ಪು ಮಾಡಿದವರು ಅದನ್ನು ಒಪ್ಪ ಮಾಡಲು ಹೊರಟರೆ ದೇವರೇ ಗತಿ. ಎಲ್ಲೋ ಓದಿಕೊಂಡು ಬಂದು, ಇಂಥವರೆಲ್ಲ ಮಹಾ ಮೇಧಾವಿಗಳಂತೆ, ಒಳಗೆ ಏನೋ ಒಂದು ದೊಡ್ಡ ವಿದ್ಯೆ ಅಡಗಿರುತ್ತದಂತೆ, ನಾವು ಹುಡುಕಬೇಕಷ್ಟೆ ಅಂತ ಊರಿಗೆಲ್ಲ ಹೇಳಿದರು. ಮಾರನೆಯ ಬೆಳಿಗ್ಗೆ ಬಂದ ಕತ್ತೆ ಇದೆಯಲ್ಲ, ಅಂಥ ಕೊಬ್ಬಿದ ಕತ್ತೆಯನ್ನು ನಾನು ಕಂಡಿಲ್ಲ. ಬಾಗಿಲು ತುಂಬ ಅದೇ. ಊರು ಹುಡುಕಲು ಶುರು ಮಾಡಿತು. ಒಬ್ಬರು ಚದುರಂಗದ ಮಣೆ ತಂದರು, ಸುಭದ್ರೆ ಕುದುರೆಯನ್ನು ಆನೆಯ ಹಾಗೆ ನಡೆಸಿದಳು. ಒಬ್ಬರು ಹಾರ್ಮೋನಿಯಂ ತಂದರು, ಅವಳು ಹಾಡಿದ್ದು ಕೇಳಿ ಹಾರ್ಮೋನಿಯಂ ತಂದವರೇ ಅದನ್ನು ಹೊತ್ತುಕೊಂಡು ಹೋದರು. ಚಿತ್ರ ಬರೆಯಮ್ಮ ಅಂದರೆ ಬಾಳೆಹಣ್ಣು ಬರೆದಳು, ಜನ ಅದನ್ನು ದೋಣಿ ಅಂದರು. ನನಗೆ ಏನೂ ಬರಲ್ಲ ಕಣ್ರಪ್ಪ, ನಾನು ನಿಮ್ಮ ಹಾಗೇ ಸಾಧಾರಣದವಳು, ಓದೋದು ಮಾತ್ರ ನಿಧಾನ ಅಂತ ಕೈಮುಗಿದರೆ, ನೋಡಿ ಎಂಥಾ ವಿನಯ ಅಂದರು. ದಡ್ಡಿ ಅಂದ ಕತ್ತೆಗಾದರೂ ಒಂದು ಮಿತಿ ಇತ್ತು, ಈ ಹೊಗಳಿಕೆಯ ಕತ್ತೆ ದಿನಕ್ಕೆರಡು ಹೊರೆ ಹುಲ್ಲು ತಿನ್ನುತ್ತಿತ್ತು. ಇವತ್ತಿಗೂ ತಿನ್ನುತ್ತಿದೆ.

ಇಷ್ಟಾದರೂ ಸುಭದ್ರೆ ನಗುತ್ತಲೇ ಇದ್ದಳು. ಅವಳ ನಗು ನಿಂತದ್ದು ಮರಿ ಬಂದ ದಿನ. ಅವಳ ಮಗಳು ಇಂಚರ ಆಗ ಮೂರನೇ ಕ್ಲಾಸು. ಓದುವಾಗ ಅಮ್ಮನ ಹಾಗೇ ನಿಲ್ಲುತ್ತಾಳೆ, ಅಮ್ಮನ ಹಾಗೇ ಬೆವರುತ್ತಾಳೆ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೊಣಕಾಲೆತ್ತರದ ಕತ್ತೆಮರಿ, ಬೂದಿ ಬಣ್ಣ, ರೆಪ್ಪೆ ಮಾತ್ರ ಬಿಳಿ. ನಮ್ಮೂರಿನಲ್ಲಿ ಯಾರೂ ಮರಿ ಬಂದದ್ದನ್ನು ಕಂಡಿರಲಿಲ್ಲ. ಓಣಿಯೆಲ್ಲ ನೋಡಲು ಬಂತು. ಇಂಚರ ಕುಣಿದಾಡಿದಳು, ತನಗೂ ಒಂದು ಬಂತು ಅಂತ. ಅದಕ್ಕೆ ಬೂದ ಅಂತ ಹೆಸರಿಟ್ಟು, ತನ್ನ ರಿಬ್ಬನ್ನು ಕಟ್ಟಿ, ತಟ್ಟೆಯಲ್ಲಿದ್ದ ರೊಟ್ಟಿ ತಿನ್ನಿಸಿದಳು. ಸುಭದ್ರೆ ಒಳಗೆ ಹೋಗಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅತ್ತು ಮುಗಿಸಿ ಸೆರಗು ಸಿಕ್ಕಿಸಿಕೊಂಡು ನೇರ ಶಾಲೆಗೆ ಹೋದಳು. ನನ್ನ ಮಗಳ ಬಗ್ಗೆ ಏನು ನಂಬಿದ್ದೀರಿ ಹೇಳಿ ಅಂತ ಮೇಷ್ಟ್ರನ್ನು ತಡೆದು ನಿಲ್ಲಿಸಿದಳು. ಅವರು, ತಾಯಿ, ಒಂದು ಸಲ ಸುಟ್ಟುಕೊಂಡವನು ನಾನು, ಅವಳಿಗೆ ಹೊತ್ತು ಬೇಕು ಅಂತ ಗೊತ್ತು, ಗಂಟೆ ಹೊಡೆದ ಮೇಲೂ ಜೊತೆಗೆ ಕೂರುತ್ತಿದ್ದೇನೆ, ಹಿಟ್ಟಿನಲ್ಲಿ ತಿದ್ದಿಸುತ್ತಿದ್ದೇನೆ ಅಂದರು. ಇವಳು ನಂಬಲಿಲ್ಲ. ಬಂದವಳು ಅತ್ತೆ ತಾಯಮ್ಮನ ಮೇಲೆ ಹರಿಹಾಯ್ದಳು. ತಾಯಮ್ಮ ಎಲೆ ಅಡಿಕೆ ಜಗಿಯುತ್ತ, ನನಗೇ ಒಂದಕ್ಷರ ಬರಲ್ಲ, ನಾನೇನು ಕಂಡೆ ಅಂದಳು. ಆಮೇಲೆ ನನ್ನ ಗಿರಣಿಗೆ ನುಗ್ಗಿದಳು. ನಾನು, ಎಲೆಲೇ, ನಿನ್ನ ಮಗಳ ಬಗ್ಗೆ ನಂಬಿರೋದು ಒಂದೇ, ಅವಳು ನನ್ನ ಬೆಲ್ಲದ ಡಬ್ಬಿಗೆ ಕೈ ಹಾಕುತ್ತಾಳೆ ಅಂತ, ಅದು ನಿಜವಾದ್ದರಿಂದ ಕತ್ತೆ ಬರಲ್ಲ ಅಂದೆ.

ಮರಿ ಹೋಗುವ ತನಕ ಇಂಚರ ಶಾಲೆಗೆ ಹೋಗುವುದು ಬೇಡ ಅಂತ ಸುಭದ್ರೆ ಹೇಳಿಬಿಟ್ಟಳು. ಶಾಲೆಗೆ ಹೋಗದಿದ್ದರೂ ಪರವಾಗಿಲ್ಲ, ಹೊಲಿಗೆ ಕಲಿಯಲಿ, ಅವಳ ಪಾಡಿಗೆ ಅವಳು ನೆಮ್ಮದಿಯಾಗಿರಲಿ ಅಂದಳು. ಪಾಟಿಚೀಲ ಅಟ್ಟಕ್ಕೆ ಹೋಯಿತು, ಹುಡುಗಿಯ ಕೈಗೆ ಸೂಜಿ ಬಂತು. ಮೊದಲೆರಡು ದಿನ ಇಂಚರ ಬೂದನ ಜೊತೆ ಖುಷಿಯಾಗಿದ್ದಳು. ಆಮೇಲೆ ಶಾಲೆಯ ಗಂಟೆ ಕೇಳಿದಾಗಲೆಲ್ಲ ಗುಂಡಿ ಹೊಲಿಯುತ್ತಿದ್ದ ಕೈ ನಿಂತುಹೋಗುತ್ತಿತ್ತು. ಒಮ್ಮೆ ನನ್ನ ಹತ್ತಿರ ಬಂದು, ದೊಡ್ಡಮ್ಮ, ಪಾಠದಲ್ಲಿ ನರಿ ಕಳ್ಳತನಕ್ಕೆ ಹೋಗುವ ತನಕ ಆಗಿತ್ತು, ಆಮೇಲೆ ಸಿಕ್ಕಿಬಿತ್ತಾ ಅಂತ ಕೇಳಿದಳು. ಅವಳ ಕೈಗೆ ಒಂದು ಉಂಡೆ ಬೆಲ್ಲ ಇಟ್ಟೆ. ಹುಡುಗಿಗೆ ಓದಬೇಕಿದೆ, ಇವಳು ಓದಿಸುವುದಿಲ್ಲ, ಇಷ್ಟೇ ವಿಷಯ. ಅಮ್ಮ ನಿಂತಲ್ಲಿಂದ ಮಗಳು ಮುಂದಕ್ಕೆ ಹೋಗುವ ಬದಲು ಅಮ್ಮ ಶುರು ಮಾಡಿದಲ್ಲಿಗೇ ವಾಪಸು ಬರುತ್ತಿದ್ದಳು.

ಕೊನೆಗೆ ಸುಭದ್ರೆ ಕತ್ತೆ ಬಿಡುತ್ತೇನೆ ಅಂದಳು. ಊರು ನಡುಗಿತು. ಎಲ್ಲರನ್ನೂ ಒಂದೆಡೆ ಸೇರಿಸಿ, ಕತ್ತೆಯ ಹಗ್ಗ ಬಿಚ್ಚಿ ನಡುವೆ ಬಿಟ್ಟರೆ ಅದು ತನ್ನನ್ನು ನಂಬಿ ಬೆಳೆಸಿದವರ ಬಳಿಗೆ ಹೋಗಿ ಹೆಗಲಿಗೆ ಗದ್ದ ಇಡುತ್ತದೆ. ನ್ಯಾಯ ಅಷ್ಟು ಸಲೀಸು, ಅದಕ್ಕೇ ಯಾರೂ ಬಿಡುವುದಿಲ್ಲ. ಹಿಂದೊಮ್ಮೆ ಬಿಟ್ಟಾಗ ಕತ್ತೆ ಪಂಚಾಯ್ತಿ ಅಧ್ಯಕ್ಷರ ಹೆಗಲು ಹಿಡಿದು ಬಿಡದೆ, ಅವರು ಅದರ ಸಮೇತ ಮನೆಗೆ ಹೋಗಿ ಕದ ಹಾಕಿಕೊಂಡಿದ್ದರು. ಆದರೂ ಬರದಿದ್ದರೆ ಅನುಮಾನ ಬರುತ್ತದಲ್ಲ, ಆ ಮಧ್ಯಾಹ್ನ ಶಾಲೆಯ ಬಯಲಿಗೆ ಎಲ್ಲರೂ ಬಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಮಾತು ನಮ್ಮೂರಲ್ಲೇ ಹುಟ್ಟಿರಬೇಕು, ಒಬ್ಬೊಬ್ಬರ ಕೈಯೂ ಹೆಗಲ ಮೇಲೇ ಇತ್ತು. ಇಂಚರಳನ್ನು ಮಾತ್ರ ಮನೆಯಲ್ಲಿ ಬಿಟ್ಟು, ತಾಯಮ್ಮನನ್ನೂ ಕರೆತಂದಿದ್ದರು.

ರೇವಣ್ಣ ಹಗ್ಗ ಬಿಚ್ಚಿದ. ಮರಿ ಸುತ್ತ ನೋಡಿತು. ಮೇಷ್ಟ್ರ ಕಡೆ ನಡೆಯಿತು, ಅವರು ಕಣ್ಣು ಮುಚ್ಚಿಕೊಂಡರು. ಅವರ ಪಂಚೆಯ ಅಂಚು ಮೂಸಿ ಮುಂದೆ ಹೋಯಿತು. ನನ್ನ ಮುಂದೆ ಬಂತು, ಹೆದರಲಿಲ್ಲ ಅಂದರೆ ಸುಳ್ಳು. ನನ್ನನ್ನೂ ದಾಟಿತು. ಬಯಲು ಪೂರ್ತಿ ಒಂದು ಸುತ್ತು ಹಾಕಿ, ಬಂದು ಸುಭದ್ರೆಯ ತೊಡೆಗೆ ಹಣೆಯೊತ್ತಿ ನಿಂತಿತು. ಹೆಗಲು ಎಟಕುವ ಎತ್ತರ ಅದಕ್ಕಿರಲಿಲ್ಲ.

ಹುಲ್ಲು ಹಾಕೋಳು ನಾನು, ಅದಕ್ಕೇ ಬಂತು ಅಂದಳು ಸುಭದ್ರೆ. ಸರಿ, ರೇವಣ್ಣನ ಕೈಯಲ್ಲಿ ಬೆಲ್ಲ ಕೊಟ್ಟು ನಿಲ್ಲಿಸಿದರು. ಮರಿ ಬೆಲ್ಲದ ಮುಖವನ್ನೂ ನೋಡದೆ ಮತ್ತೆ ಅವಳ ಬಳಿಗೇ ಬಂತು. ಅವಳನ್ನು ಜನರ ಹಿಂದೆ ಮರೆಯಲ್ಲಿ ಕೂರಿಸಿದರು, ಕಾಲುಗಳ ಸಂದಿಯಲ್ಲಿ ನುಗ್ಗಿ ಹೋಗಿ ಮಡಿಲಲ್ಲಿ ತಲೆಯಿಟ್ಟಿತು. ಯಾರೋ ಹಿಂದಿನಿಂದ ಕಿಸಕ್ಕಂದರು, ಆಮೇಲೆ ಬಯಲೇ ನಕ್ಕಿತು. ತಮ್ಮ ಹೆಗಲು ಉಳಿದ ಸಂತೋಷ ಅದು, ಬೇರೇನಲ್ಲ. ಸುಭದ್ರೆ ಎದ್ದು ಯಾರ ಮುಖವನ್ನೂ ನೋಡದೆ ಮನೆಗೆ ನಡೆದಳು, ಮರಿ ಹಿಂದೆಯೇ ಹೋಯಿತು.

ನಾನು ಗಿರಣಿ ಮುಚ್ಚಿ ಅವಳ ಮನೆಗೆ ಹೋದೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಅವಳೇ ಮಾತು ತೆಗೆದಳು.

"ಕಾಳಕ್ಕ, ಅವಳಿಗೆ ಓದೋಕೆ ಬರಲ್ಲ ಅಂತ ನಾನು ಯಾವತ್ತೂ ಅಂದಿಲ್ಲ. ಓದೋದು ಬೇಡ ಅಂದುಕೊಂಡೆ, ಅಷ್ಟೇ."

"ಎರಡಕ್ಕೂ ಏನೇ ವ್ಯತ್ಯಾಸ? ಕತ್ತೆಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗ್ತಿಲ್ಲ."

ಆಗ ಅವಳು ಎಲ್ಲ ಹೇಳಿದಳು. ಹುಡುಗಿ ಒಂದು ಪದದ ಮುಂದೆ ನಿಂತಳು ಅಂದರೆ ಸಾಕಂತೆ, ಇವಳಿಗೆ ತಾನೇ ಬೆಂಚಿನ ಮೇಲೆ ನಿಂತ ಹಾಗೆ, ಇಡೀ ಕ್ಲಾಸು ನಗುತ್ತಿರುವ ಹಾಗೆ, ಲಂಗ ಒದ್ದೆಯಾದ ಹಾಗೆ. ತಡೆಯಲಾಗದೆ ಆ ಪದವನ್ನು ತಾನೇ ಹೇಳಿಬಿಡುತ್ತಾಳಂತೆ. ಮುಂದಿನದನ್ನೂ ಹೇಳುತ್ತಾಳಂತೆ. ಕೊನೆಗೆ ಪುಸ್ತಕವನ್ನೇ ಮುಚ್ಚಿ, ಸಾಕು ಹೋಗು ಆಡಿಕೋ ಅನ್ನುತ್ತಾಳಂತೆ. "ಇವಳ ಕೈಲೂ ಆಗಲ್ಲ ಅಂತ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು ಕಣಕ್ಕ. ನಾನು ಅದನ್ನ ಪ್ರೀತಿ ಅಂದುಕೊಂಡಿದ್ದೆ," ಅಂದಳು.

ಅವಳ ಬೆನ್ನು ಸವರಿದೆ. ನಾನು ಮಕ್ಕಳನ್ನು ಹೆರದವಳು, ಬುದ್ಧಿ ಹೇಳಲು ಹೋದರೆ ನನಗೇ ನಗು ಬರುತ್ತದೆ. ಬಾಗಿಲಲ್ಲಿ ಇಂಚರ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. ಹಾಗಾದರೆ ನಾಳೆ ಶಾಲೆಗೆ ಹೋಗಲಾ ಅಂತ ಮಾತ್ರ ಕೇಳಿದಳು. ಸುಭದ್ರೆ ಅಟ್ಟ ಹತ್ತಿ ಚೀಲ ಇಳಿಸಿಕೊಟ್ಟಳು.

ಮರಿ ಅಷ್ಟಕ್ಕೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಸುಭದ್ರೆ ಅದರ ಮುಂದೆ ನಿಂತು, ನನ್ನ ಮಗಳು ಓದುತ್ತಾಳೆ, ನಾನು ನಂಬಿದ್ದೇನೆ ಅಂತ ಜೋರಾಗಿ ಹೇಳಿದಳು. ಅದು ಕಿವಿ ಕೊಡವಿ ನೊಣ ಓಡಿಸಿಕೊಂಡಿತು. ದೇವರಿಗೆ ಹಣ್ಣುಕಾಯಿ ಮಾಡಿಸಿದಳು, ಆ ಹಣ್ಣನ್ನೂ ಅದೇ ತಿಂದಿತು. ನಂಬುವುದನ್ನು ಬಿಡುವುದು ಅಷ್ಟು ಸುಲಭವಾಗಿದ್ದರೆ ನಮ್ಮೂರಲ್ಲಿ ಒಂದು ಕತ್ತೆಯೂ ಇರುತ್ತಿರಲಿಲ್ಲ. ಮಗಳು ಓದಲು ಕೂತರೆ ಇವಳು ಅಡುಗೆಮನೆಗೆ ಓಡಿ ಪಾತ್ರೆ ಸದ್ದು ಮಾಡುತ್ತಿದ್ದಳು, ಕೇಳಿಸದಿರಲಿ ಅಂತ. ಮಧ್ಯದಲ್ಲಿ ತಡೆಯಲಾಗದೆ ಅಲ್ಲಿಂದಲೇ ಪದ ಊಹಿಸಿ ಕೂಗುತ್ತಿದ್ದಳು. ಅಮ್ಮ, ನೀನು ಸುಮ್ಮನಿರು ಅಂತ ಹುಡುಗಿ ಅಳುತ್ತಿದ್ದಳು.

ಆ ಭಾನುವಾರ ನಾನು ಅವಳ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಸುಭದ್ರೆ ಯಾರದೋ ರವಿಕೆಗೆ ಗುಂಡುಪಿನ್ನು ಚುಚ್ಚುತ್ತಿದ್ದಳು. ಇಂಚರ ನರಿಯ ಪಾಠ ತೆಗೆದು ಬೆರಳಿಟ್ಟು ಶುರು ಮಾಡಿದಳು. ನರಿ ಹೊಲಕ್ಕೆ ನುಗ್ಗಿತು, ಅಲ್ಲಿಯ ತನಕ ಹೇಗೋ ಬಂತು. ಆಮೇಲೆ ಒಂದು ಪದ ಸಿಕ್ಕಿ ನಿಂತುಬಿಟ್ಟಳು. "ಕ," ಅಂದಳು. ಮತ್ತೆ "ಕ" ಅಂದಳು. ಬೆವರಿದಳು. ನಾನು ಸುಭದ್ರೆಯ ಮುಖ ನೋಡಿದೆ, ತುಟಿ ಆಗಲೇ ಆಡುತ್ತಿತ್ತು. ಅವಳು ಪಕ್ಕದ ಡಬ್ಬಿಯಿಂದ ಒಂದು ಹಿಡಿ ಗುಂಡುಪಿನ್ನು ತೆಗೆದು, ಒಂದೊಂದಾಗಿ ತುಟಿಗಳ ನಡುವೆ ಸಾಲಾಗಿ ಸಿಕ್ಕಿಸಿಕೊಂಡು ಬಾಯಿ ಬಿಗಿದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಿ ಮಾತ್ರ ತೆಗೆಯಲಿಲ್ಲ. ಗೂಡಿನಿಂದ ಆಗ ತಾನೇ ಬಂದ ರೇವಣ್ಣ ಪುಸ್ತಕಕ್ಕೆ ಬಗ್ಗಿ, ಕಲ್ ಅಂತ ಶುರು ಮಾಡುವುದಕ್ಕೂ ಅವಳು ಅವನ ತೊಡೆ ಚಿವುಟುವುದಕ್ಕೂ ಸರಿಹೋಯಿತು. ಅವನು ಗೋಡೆಗೊರಗಿ ತೊಡೆ ಉಜ್ಜಿಕೊಂಡ. ನಾನು ಅಕ್ಕಿ ಆರಿಸುವುದನ್ನು ಬಿಟ್ಟೆ. ಎಷ್ಟು ಹೊತ್ತೋ ಏನೋ, ಓಣಿಯಲ್ಲಿ ಬಿಸಿಲು ಜರುಗಿತು. "ಕ, ಲ, ಲ್ಲ," ಅಂದಳು ಹುಡುಗಿ, ತೊಡೆಯ ಮೇಲೆ ಬೆರಳಲ್ಲಿ ಬರೆದುಕೊಂಡಳು, ಅಳಿಸಿಕೊಂಡಳು, ಮತ್ತೆ ಬರೆದುಕೊಂಡಳು. ಸುಭದ್ರೆ ಒಮ್ಮೆಲೇ ಮಗಳ ಬೆರಳನ್ನೇ ನೋಡತೊಡಗಿದಳು. ಅವಳ ಮುಖದಲ್ಲಿದ್ದ ಆ ಹೆದರಿಕೆ ಹೋಗಿ, ಮುಂದೇನು ಅಂತ ತಿಳಿಯುವ ಆಸೆ ಬಂದಿತ್ತು. ಅವಳಿಗೂ ಆ ಪಾಠ ಗೊತ್ತಿರಲಿಲ್ಲ.

"ಕಲ್ಲಂಗಡಿ," ಅಂದಳು ಇಂಚರ. ತಲೆಯೆತ್ತಲಿಲ್ಲ, ಬೆರಳನ್ನು ಮುಂದಕ್ಕೆ ಸರಿಸಿದಳು.

ಬಾಗಿಲ ಬಳಿ ಮಲಗಿದ್ದ ಮರಿ ಆಗ ಎದ್ದಿತು. ಮೈ ಕೊಡವಿತು. ಮೆಟ್ಟಿಲಿಳಿದು, ಕೊರಳಲ್ಲಿ ರಿಬ್ಬನ್ನು ಜೋಲುತ್ತಿದ್ದ ಹಾಗೇ, ನನ್ನ ಗಿರಣಿ ದಾಟಿ ಓಣಿಯ ತಿರುವಿನಲ್ಲಿ ಮರೆಯಾಯಿತು. ಬಾಯಿ ತುಂಬ ಪಿನ್ನಿಟ್ಟುಕೊಂಡ ಸುಭದ್ರೆ ನೋಡಲಿಲ್ಲ, ರೇವಣ್ಣನೂ ನೋಡಲಿಲ್ಲ. ಕೂಗಿ ಹೇಳೋಣ ಅಂತ ಬಾಯಿ ತೆಗೆದೆ. ಆದರೆ ಹುಡುಗಿ ಮುಂದಿನ ಪದದ ಅರ್ಧದಲ್ಲಿದ್ದಳು, ಸುಮ್ಮನಾದೆ.